ಹದಿನೈದಕ್ಕೆ ನಿಂತ ದರ

ಎಕುವಾಗೆ ಸಾಕಾಗಿತ್ತು. ಕೆಲಸ ಸಾಕಾಗಿತ್ತು ಎಂದಲ್ಲ. ಕೋಳಿ ಕೂಗುವ ಮೊದಲೇ ಎದ್ದು, ಹುಳಿ ಬಂದ ಮೆಕ್ಕೆಜೋಳದ ಹಿಟ್ಟು ನಾದಿ, ಒಣಗಿದ ಬಾಳೆಲೆಯಲ್ಲಿ ಉಂಡೆ ಸುತ್ತಿ, ಹಂಡೆ ತುಂಬ ಕೆಂಕೆ ಬೇಯಿಸಿ ಮಾರುವುದು ಅವಳಿಗೆ ಉಸಿರಾಡಿದಷ್ಟೇ ರೂಢಿ. ಸಾಕಾಗಿದ್ದು ಒಂದೇ: ಪ್ರತಿ ಶನಿವಾರ ಬೆಳಿಗ್ಗೆ ಗಂಡನೆದುರು ನಿಂತು ಅಡುಗೆ ದುಡ್ಡು ಕೇಳುವುದು.

ಸಾಲ್ಟ್‌ಪಾಂಡ್‌ ಎಂಬ ಈ ಕಡಲತೀರದ ಊರಿನಲ್ಲಿ ಎಲ್ಲ ಮನೆಯ ರೀತಿಯೂ ಇದೇ. ಸಾರಿನ ದುಡ್ಡು ಗಂಡನದು, ಸಾರು ಹೆಂಡತಿಯದು. ಹೆಂಡತಿ ವ್ಯಾಪಾರ ಮಾಡಿ ಗಳಿಸಿದ್ದು ಅವಳ ಸೊಂಟದ ಬಟ್ಟೆಯ ಗಂಟಿನಲ್ಲಿ. ಅದಕ್ಕೆ ಗಂಡ ಕೈ ಹಾಕುವಂತಿಲ್ಲ. ಒಂದು ಮನೆಯ ಸಾರು ಹೆಂಡತಿಯ ಗಂಟಿನಿಂದ ಕುದಿಯಿತು ಎಂದು ಹೊರಗೆ ಗೊತ್ತಾದರೆ, ಆ ಮನೆಯ ಗಂಡಸು ಬೇವಿನ ಮರದ ಕೆಳಗೆ ತಲೆಯೆತ್ತಿ ಕೂತು ಚೌಕದ ಹಲಗೆಯ ಮೇಲೆ ದಾಮೆ ಆಡುವ ಹಾಗಿಲ್ಲ. ಆದ್ದರಿಂದ ಹೆಂಡತಿ ಕೇಳಬೇಕು, ಗಂಡ ಕೊಡಬೇಕು. ಇದರಲ್ಲಿ ಕೊಡುವುದು ಒಂದು ಗಳಿಗೆಯ ಕೆಲಸ. ಕೇಳುವುದೇ ಬೆಳಗಿನ ಅರ್ಧ.

ಅದರಲ್ಲೂ ಎಕುವಾಳ ಗಂಡ ಕೋಬಿನಾ ಎಸುಮನ್ ನಿವೃತ್ತ ಅರ್ಥಶಾಸ್ತ್ರದ ಮೇಷ್ಟ್ರು. ಅವರು ಪತ್ರಿಕೆ ಮಡಚಿ, ಕನ್ನಡಕ ತೆಗೆದು, ಹಿಂದಿನ ಬೆಂಚಿನ ಹುಡುಗನನ್ನು ಎಬ್ಬಿಸಿ ನಿಲ್ಲಿಸಿದ ದನಿಯಲ್ಲಿ ಹೋದ ವಾರದ್ದು ಏನಾಯಿತು ಎಂದು ಕೇಳುತ್ತಿದ್ದರು. ಎಕುವಾ ಟೊಮೆಟೊ ಎನ್ನುತ್ತಿದ್ದಳು, ಹೊಗೆಮೀನು ಎನ್ನುತ್ತಿದ್ದಳು, ತಾಳೆಕಾಯಿ ಎನ್ನುತ್ತಿದ್ದಳು. ಟೊಮೆಟೊಗೆ ಅಷ್ಟೊಂದೇ ಎಂದು ಅವರು ಹುಬ್ಬೇರಿಸುತ್ತಿದ್ದರು. (ಟೊಮೆಟೊ ಬೆಲೆಯನ್ನು ಎಕುವಾಳೇ ದುರುದ್ದೇಶದಿಂದ ನಿಗದಿ ಮಾಡುತ್ತಾಳೆ ಎಂಬಂತೆ.) ಅವರು ಕೆಟ್ಟವರಲ್ಲ. ಕೊನೆಗೆ ಕೊಡುತ್ತಿದ್ದರು. ಆದರೆ ಆ ಕೊನೆ ಬರುವಷ್ಟರಲ್ಲಿ ಎಕುವಾಗೆ ತಾನು ಈ ಮನೆಯಲ್ಲಿ ಮಕ್ಕಳನ್ನು ಹೆತ್ತು ಸಾಕಿ ಮದುವೆ ಮಾಡಿ ಕಳಿಸಿದವಳು ಎಂಬುದೇ ಮರೆತುಹೋಗಿ, ಶುಲ್ಕ ಕಟ್ಟದೆ ಪರೀಕ್ಷೆಗೆ ಬಂದವಳಂತೆ ಅನ್ನಿಸುತ್ತಿತ್ತು.

ಮೇಷ್ಟ್ರಿಗೆ ಲೋಕದಲ್ಲಿ ಒಂದೇ ಒಂದು ಪ್ರೀತಿ. ಅದು ಸರ್ಕಾರದ ತೊಂಬತ್ತೊಂದು ದಿನದ ಟ್ರೆಷರಿ ಬಿಲ್. ಸರ್ಕಾರ ಜನರಿಂದ ಮೂರು ತಿಂಗಳಿಗೆಂದು ಸಾಲ ಪಡೆಯುತ್ತದಲ್ಲ, ಅದರ ಬಡ್ಡಿ ದರ ಪ್ರತಿ ಶುಕ್ರವಾರ ಹರಾಜಿನಲ್ಲಿ ಗೊತ್ತಾಗುತ್ತದೆ. ನಿವೃತ್ತಿಯ ದುಡ್ಡನ್ನೆಲ್ಲ ಅವರು ಅದರಲ್ಲೇ ಇಟ್ಟಿದ್ದರು. ಆದರೆ ಪ್ರೀತಿ ದುಡ್ಡಿಗಾಗಿ ಅಲ್ಲ, ಜ್ಞಾನಕ್ಕಾಗಿ ಎಂದು ಅವರ ವಾದ. ಆ ದರ ದೇಶದ ನಾಲಿಗೆಯ ಕೆಳಗಿಟ್ಟ ಜ್ವರದ ಕಡ್ಡಿ ಇದ್ದಂತೆ ಎನ್ನುತ್ತಿದ್ದರು. ಬೆಲೆ ಏರುತ್ತದೆಂಬ ಭಯ ಹುಟ್ಟಿದರೆ ಜನ ಸರ್ಕಾರಕ್ಕೂ ಅಗ್ಗದಲ್ಲಿ ಸಾಲ ಕೊಡುವುದಿಲ್ಲ, ಆಗ ದರ ಏರುತ್ತದೆ. ಭಯ ಇಳಿದರೆ ದರ ಇಳಿಯುತ್ತದೆ; ಹಿಂದೆಯೇ ಟೊಮೆಟೊ, ಮೀನು, ಎಣ್ಣೆ ಎಲ್ಲ ತಲೆ ತಗ್ಗಿಸಿಕೊಂಡು ಬರುತ್ತವೆ. ಇದನ್ನು ಅವರು ಮರದ ಕೆಳಗೆ ಹೇಳುತ್ತಿದ್ದರು, ಚರ್ಚಿನ ಮೆಟ್ಟಿಲ ಮೇಲೆ ಹೇಳುತ್ತಿದ್ದರು, ಹೆಣ ಇಟ್ಟ ಮನೆಯಲ್ಲೂ ದನಿ ತಗ್ಗಿಸಿ ಹೇಳುತ್ತಿದ್ದರು.

ಎಕುವಾ ಇದನ್ನೆಲ್ಲ ಕೇಳಿ ಗ್ರಹಿಸಿದ್ದು ಒಂದೇ ಮಾತು. ಈ ದರ ಎನ್ನುವುದು ಕೆಲವು ವರ್ಷಗಳಿಂದ ಹೆಚ್ಚಾಗಿ ಮೇಲೇ ಹೋಗುತ್ತಿದೆ, ಕೆಳಗೆ ಬಂದರೂ ಬಹಳ ಕೆಳಗೆ ಬಂದಿಲ್ಲ. ಒಂದು ಶನಿವಾರ, ಟೊಮೆಟೊ ವಿಚಾರಣೆ ಮುಗಿಯುವ ಮೊದಲೇ ಅವಳು ಹೇಳಿದಳು.

"ಮೇಷ್ಟ್ರೇ, ಇನ್ಮೇಲೆ ನಾನು ಕೇಳಲ್ಲ. ನೀವು ಲೆಕ್ಕ ಕೇಳೋದೂ ಬೇಡ. ನಿಮ್ಮ ಆ ದರ ಎಷ್ಟಿರುತ್ತೋ, ವಾರಕ್ಕೆ ಅಷ್ಟು ಹತ್ತು ಸೆಡಿಯ ನೋಟು ಮೇಜಿನ ಮೇಲೆ ಇಟ್ಟುಬಿಡಿ. ಇಪ್ಪತ್ತೆಂಟಾದ್ರೆ ಇಪ್ಪತ್ತೆಂಟು ನೋಟು."

ಮೇಷ್ಟ್ರು ಕನ್ನಡಕ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು. ಇಷ್ಟು ವರ್ಷ ಹೆಂಡತಿ ತಮ್ಮ ಮಾತನ್ನು ಕೇಳಿಸಿಕೊಳ್ಳುತ್ತಿದ್ದಳು ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಕಣ್ಣು ಒದ್ದೆಯಾದಂತಿತ್ತು. ಅಂದು ಸಂಜೆಯೇ ತಮ್ಮ ಅಕ್ಕ ಮಾನ್ಸಾಳನ್ನು ಸಾಕ್ಷಿಗೆ ಕರೆಸಿದರು. ಊರಿಗೆಲ್ಲ ಆಂಟಿ ಮಾನ್ಸಾ ಆದ ಆಕೆ ನಿವೃತ್ತ ಸೂಲಗಿತ್ತಿ ನರ್ಸು. ಹುಟ್ಟುವ ಕೂಸು ಕೂಡ ಹೇಳಿದ ಹೊತ್ತಿಗೆ ಬರಬೇಕು ಎನ್ನುವ ಪೈಕಿ. ಆಕೆ ಅಂಗಳದಲ್ಲಿ ನಿಂತು ಹಿರಿಯರ ಹೆಸರಿನಲ್ಲಿ ನಾಲ್ಕು ಹನಿ ಜಿನ್ ನೆಲಕ್ಕೆ ಚೆಲ್ಲಿ (ಮೆಥಡಿಸ್ಟ್ ಪಾದ್ರಿಗೆ ಇದು ತಿಳಿಯದಂತೆ ನೋಡಿಕೊಳ್ಳಲಾಯಿತು), ಏರಿದರೂ ಇದೇ ಮಾತು, ಇಳಿದರೂ ಇದೇ ಮಾತು ಎಂದರು. ಎಕುವಾ ಮೊದಲರ್ಧಕ್ಕೆ ತಲೆಯಾಡಿಸಿದಳು. ಎರಡನೆಯ ಅರ್ಧ ಶಾಸ್ತ್ರಕ್ಕೆ ಹೇಳಿದ್ದು ಎಂದುಕೊಂಡಳು.

ಅದಾದ ಮೇಲೆ ಬಂದ ವಾರಗಳನ್ನು ಎಕುವಾ ಈಗಲೂ ನೆನೆಯುತ್ತಾಳೆ. ಶುಕ್ರವಾರ ಸಂಜೆ ಅವಳು ಹಂಡೆಯ ಕೆಳಗಿನ ಕೆಂಡ ಆರಿಸಿ ಒಳಗೆ ಬರುವಷ್ಟರಲ್ಲಿ ದುಡ್ಡು ಮೇಜಿನ ಮೇಲಿರುತ್ತಿತ್ತು. ಮೇಲೆ ಉಪ್ಪಿನ ಡಬ್ಬಿ. ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿ "ಇಪ್ಪತ್ತೆಂಟು" ಎನ್ನುತ್ತಿದ್ದರು, ಅಷ್ಟೇ. ಶನಿವಾರದ ಬೆಳಗು ಬರಿದೆ ಬಿದ್ದಿರುತ್ತಿತ್ತು. ಸಮುದ್ರದ ಗಾಳಿ ಒಗೆದ ಬಟ್ಟೆಗಳನ್ನು ಉಬ್ಬಿಸುವುದನ್ನು ನೋಡುತ್ತ ಅವಳು ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ಕೇಳದೆ ಬಂದ ದುಡ್ಡಿನ ಸಾರಿಗೆ ರುಚಿಯೇ ಬೇರೆ ಎನಿಸುತ್ತಿತ್ತು.

ವರ್ಷ ತಿರುಗಿತು. ದರವೂ ತಿರುಗಿತು.

"ಇಪ್ಪತ್ತೇಳು" ಎಂದರು ಮೇಷ್ಟ್ರು ಕಿಟಕಿಯ ಕಡೆಗೆ. ಆಮೇಲೆ ಇಪ್ಪತ್ತೈದು. ಆಮೇಲೆ ಇಪ್ಪತ್ತೊಂದು. ದರ ಇಳಿಜಾರಿನಲ್ಲಿ ಬಿಟ್ಟ ಆಡಿನಂತೆ ಓಡುತ್ತಿತ್ತು. ಮೇಷ್ಟ್ರ ಮುಖದಲ್ಲಿ ದೇಶಕ್ಕೆ ಜ್ವರ ಬಿಟ್ಟ ಸಂತೋಷ. ಎಕುವಾ ಸಂತೆಗೆ ಹೋಗಿ, ಬಿಲ್ಲಿನ ದರ ಇಳಿದಿದೆಯಂತಲ್ಲ ಎಂದು ಟೊಮೆಟೊದವಳನ್ನು ವಿಚಾರಿಸಿದಳು. ಯಾವ ಬಿಲ್ಲು, ಕರೆಂಟಿನದಾ ಎಂದು ಅವಳು ಮರುಪ್ರಶ್ನೆ ಹಾಕಿದಳು. ಟೊಮೆಟೊ ತಲೆ ತಗ್ಗಿಸಿರಲಿಲ್ಲ. ಮೀನಂತೂ ಇನ್ನಷ್ಟು ಎತ್ತಿತ್ತು. ಭಾನುವಾರ ಪಾದ್ರಿಯವರು ಬಡ್ಡಿಯನ್ನು ಇಳಿಸಿ ನಾಡನ್ನು ಕಾಪಾಡಿದ ದೇವರಿಗೆ ಸ್ತೋತ್ರ ಹೇಳಿದಾಗ ಇಡೀ ಚರ್ಚು ಆಮೆನ್ ಎಂದಿತು. ಎಕುವಾ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ನಾಡಿಗೆ ಕೇಡು ಬಯಸುವ ಹೆಂಗಸಲ್ಲ ಅವಳು. ಆದರೆ ಸ್ವಲ್ಪ, ಒಂದಿಷ್ಟು ಮೈ ಬೆಚ್ಚಗಾಗುವಷ್ಟು ಜ್ವರ ನಾಡಿಗೆ ಬಂದರೆ ತಪ್ಪೇನು ಎಂದು ಒಳಗೊಳಗೇ ಅನ್ನಿಸಿ, ತನಗೇ ಹೆದರಿಕೆಯಾಗಿ ಕೀರ್ತನೆಯ ಪುಸ್ತಕದಲ್ಲಿ ಮುಖ ಹುದುಗಿಸಿದಳು.

ದರ ಹದಿನೈದಕ್ಕೆ ಬಂತು. ಹದಿನೈದು ನೋಟು, ಮೇಲೆ ಉಪ್ಪಿನ ಡಬ್ಬಿ. ಈ ದುಡ್ಡಿಗೆ ವಾರವಿಡೀ ಸಾರು ಎಂದರೆ ನೀರಿಗೆ ತಾಳೆಕಾಯಿಯ ನೆರಳು ತೋರಿಸಿದಂತೆ. ಒಂದು ಮಾತು ಕೇಳಿದ್ದರೆ ಮೇಷ್ಟ್ರು ಕೊಡುತ್ತಿದ್ದರೋ ಏನೋ. ಆದರೆ ಕೇಳಬೇಕಿತ್ತಲ್ಲ. ಕೇಳದಿರುವ ಸುಖವನ್ನು ಒಮ್ಮೆ ಕಂಡವಳು ಅವಳು. ಮತ್ತೆ ಆ ಕನ್ನಡಕ, ಆ ಹುಬ್ಬು, ಆ ಟೊಮೆಟೊ ವಿಚಾರಣೆ ಬೇಡವೇ ಬೇಡ ಎನ್ನಿಸಿತು. ಎಕುವಾ ಸೊಂಟದ ಗಂಟು ಬಿಚ್ಚಿದಳು. ಕೆಂಕೆಯ ದುಡ್ಡು ಸದ್ದಿಲ್ಲದೆ ಸಾರಿಗೆ ಬಿತ್ತು. ಸಾರು ಮೊದಲಿನಷ್ಟೇ ಗಟ್ಟಿಯಾಗಿ, ಮೊದಲಿನಷ್ಟೇ ಕೆಂಪಾಗಿ, ಮೀನಿನ ತುಂಡುಗಳನ್ನು ಮೊದಲಿನಂತೆಯೇ ತೇಲಿಸುತ್ತ ಮೇಷ್ಟ್ರ ಮುಂದೆ ಬಂತು.

ಮೇಷ್ಟ್ರು ಉಂಡರು. ಕೈ ತೊಳೆದರು. ಸ್ವಲ್ಪ ಹೊತ್ತು ಖಾಲಿ ಬಟ್ಟಲನ್ನೇ ನೋಡಿದರು.

"ಇಪ್ಪತ್ತೆಂಟಕ್ಕೂ ಇದೇ ಸಾರು, ಹದಿನೈದಕ್ಕೂ ಇದೇ ಸಾರು. ಅಂದ್ರೆ ಏನರ್ಥ ಎಕುವಾ? ಬೆಲೆ ಇಳಿದಿದೆ. ನಾನು ಹೇಳಿದ್ನೋ ಇಲ್ವೋ?"

ಅವಳು ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ದಿನವೇ ಈ ವೈಜ್ಞಾನಿಕ ಸಂಶೋಧನೆ ಬೇವಿನ ಮರದ ಕೆಳಗೆ ಪ್ರಕಟವಾಯಿತು. ದಾಮೆ ಆಡುವ ಗಂಡಸರಿಗೆ ಹರಾಜು, ಬಡ್ಡಿ ಇವೆಲ್ಲ ತಲೆಗೆ ಹತ್ತಿರಲಿಲ್ಲ. ಸಾರು ತಕ್ಷಣ ಹತ್ತಿತು. ನಂಬದವರು ಬಂದು ರುಚಿ ನೋಡಬಹುದು ಎಂದರು ಮೇಷ್ಟ್ರು. ಶನಿವಾರ ಮಧ್ಯಾಹ್ನ ದೋಣಿಯ ಮಾಲೀಕ ಅಬೈದೂ ಮತ್ತಿಬ್ಬರನ್ನು ಕರೆದುಕೊಂಡು ಬಂದ. ಮೂವರೂ ಮರಗೆಣಸು ಕುಟ್ಟಿ ಮಾಡಿದ ಫುಫು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ದೇಶದ ಆರ್ಥಿಕ ಸ್ಥಿತಿಯನ್ನು ಚಪ್ಪರಿಸಿ, ಎರಡನೆಯ ಸಲ ಬಡಿಸಿಕೊಂಡು, ಮನವರಿಕೆಯಾಗಿ ಹೋದರು. ಮುಂದಿನ ಶನಿವಾರ ಮತ್ತೆ ಮನವರಿಕೆ ಮಾಡಿಕೊಳ್ಳಲು ಬಂದರು. ಎಕುವಾಳ ಗಂಟು ಇನ್ನೂ ಒಂದು ಸುತ್ತು ಸಡಿಲವಾಯಿತು. ಅಷ್ಟರಲ್ಲಿ ಆ ಮೂವರೂ ತಮ್ಮ ಮನೆಗಳಲ್ಲಿ ಅದೇ ಪದ್ಧತಿ ಜಾರಿಗೆ ತಂದಿದ್ದರು. ಶುಕ್ರವಾರ ಸಂಜೆ ಮೇಷ್ಟ್ರ ಬಾಯಿಂದ ಯಾವ ಸಂಖ್ಯೆ ಬರುತ್ತದೋ ಅಷ್ಟು ನೋಟು. (ಫೋನಿನಲ್ಲೂ ನೋಡಬಹುದಿತ್ತು. ಆದರೆ ಮೇಷ್ಟ್ರು ಇರುವಾಗ ಫೋನಿನ ಮಾತು ಯಾರು ನಂಬುತ್ತಾರೆ?)

ಅಬೈದೂವಿನ ಹೆಂಡತಿ ಮಾಮೆ ಬೆಂಟ್ಸಿವಾ ಸಂತೆಯಲ್ಲಿ ಹೊಗೆಮೀನು ಮಾರುವವಳು. ಅವಳ ದನಿ ಸಂತೆಯ ಈ ತುದಿಯಿಂದ ಆ ತುದಿಗೆ ಬುಟ್ಟಿಯಿಲ್ಲದೆ ಹೋಗುತ್ತದೆ. ಅವಳು ಎಕುವಾಳನ್ನು ಹಿಡಿದು ನಿಲ್ಲಿಸಿದಳು.

"ಏನು ಮಾಮೆ ಎಕುವಾ, ನಿನ್ನ ಗಂಡ ಊರಿಗೇ ಸಂಬಳ ಕೊಡೋನಾಗ್ಬಿಟ್ಟ? ಹದಿನೈದಂತೆ. ಎಷ್ಟು ವಾರದಿಂದ ಹದಿನೈದು?"

"ಸುಮಾರು ವಾರ ಆಯ್ತು."

"ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಇಳಿದಿದ್ದು ಹದಿನೈದಕ್ಕೆ ಬಂದು ಕಲ್ಲಿನ ಹಾಗೆ ಯಾಕೆ ನಿಲ್ತು? ನನ್ನ ಮೀನು ಏರಿದೆ. ದೋಣಿ ಎಣ್ಣೆ ಏರಿದೆ. ಅದು ಏರಿಲ್ವಾ? ಯಾರು ನೋಡಿದ್ದಾರೆ ಅದನ್ನ? ಏರಿರುತ್ತೆ ಕಣೇ. ಹದಿನೆಂಟೋ ಇಪ್ಪತ್ತೋ ಆಗಿರುತ್ತೆ. ಗಂಡಸರು ಹದಿನೈದು ಅಂತ ನಮಗೆ ಹೇಳಿ ಮಿಕ್ಕಿದ್ದು ಮರದ ಕೆಳಗೆ ಹಂಚಿಕೊಳ್ತಿದ್ದಾರೆ."

ಎಕುವಾ ನಗಲು ನೋಡಿದಳು. ನಗು ಬರಲಿಲ್ಲ. ಮನೆಗೆ ನಡೆಯುತ್ತ ಒಂದೊಂದೇ ನೆನಪಾಯಿತು. ಈಚೆಗೆ ಶುಕ್ರವಾರ ಮೇಷ್ಟ್ರು ಫೋನನ್ನು ಹಿತ್ತಿಲ ಮೂಲೆಗೆ ಒಯ್ದು ನೋಡುತ್ತಾರೆ. ಬಂದು ಕೆಮ್ಮುತ್ತಾರೆ. ಆಮೇಲೆ ಹದಿನೈದು ಎನ್ನುತ್ತಾರೆ, ಅದೂ ಕಿಟಕಿಗೆ. ಇಷ್ಟು ವರ್ಷ ಜೊತೆಗಿದ್ದು ಅವಳು ಅವರ ಒಂದೊಂದು ಕೆಮ್ಮಿಗೂ ಅರ್ಥ ಬಲ್ಲಳು. ಇದು ಗಂಟಲಿನದಲ್ಲ.

ಹಾಗಾದರೆ ಅವಳ ಕೆಂಕೆಯ ದುಡ್ಡು? ಸಾರಿನಲ್ಲಿ ಕರಗಿಹೋದ ಅಷ್ಟೂ ದುಡ್ಡು ನ್ಯಾಯವಾಗಿ ಆ ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಕೆಳಗೆ ಇರಬೇಕಾಗಿದ್ದೇನು? ಆ ಸಂಜೆ ಅವಳು ಸಾರು ಬಡಿಸಿದಳು. ಮೇಷ್ಟ್ರು ಸಾರು ಚೆನ್ನಾಗಿದೆ ಎಂದರು. ಅದೂ ಕಿಟಕಿಗೇ ಹೇಳಿದರು.

ಅವರನ್ನೇ ನೇರವಾಗಿ ಕೇಳಬಹುದಿತ್ತು. ಕೇಳುವುದು ಬೇಡವೆಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು. ಎಕುವಾ ತಲೆಗೆ ಬಟ್ಟೆ ಬಿಗಿದುಕೊಂಡು ಆಂಟಿ ಮಾನ್ಸಾಳ ಮನೆಗೆ ಹೋದಳು. ತಾನು ಏನೂ ಕೇಳುತ್ತಿಲ್ಲ, ಸಾಕ್ಷಿಯಾದವರು ಒಂದು ಸಲ ನಿಜವಾದ ದರವನ್ನು ಕಣ್ಣಾರೆ ನೋಡಲಿ ಎಂದಷ್ಟೇ ಹೇಳುತ್ತಿದ್ದೇನೆ ಎಂದಳು. ಆಂಟಿ ಮಾನ್ಸಾ ಅವಳ ಮುಖ ನೋಡಿದರು. ಬ್ಯಾಂಕಿನಲ್ಲಿ ಬೋರ್ಡು ಹಾಕಿರುತ್ತಾರೆ, ಸೋಮವಾರ ಮೂವರೂ ಹೋಗೋಣ ಎಂದರು.

ಸೋಮವಾರ ಬೆಳಿಗ್ಗೆ ಮೇಷ್ಟ್ರಿಗೆ ಮೊಣಕಾಲು ನೋವು ಬಂತು. ಆಂಟಿ ಮಾನ್ಸಾ ಮೊಣಕಾಲನ್ನು ಎರಡು ಸಲ ಒತ್ತಿ ನೋಡಿ ಏನೂ ಆಗಿಲ್ಲ, ನಡಿ ಎಂದರು. ದಾರಿಯಲ್ಲಿ ಮೇಷ್ಟ್ರು ದರದಲ್ಲೇ ಎರಡು ಬಗೆಯಿದೆ, ಸೋಡಿ ದರ ಬೇರೆ ಬಡ್ಡಿ ದರ ಬೇರೆ, ತಿಳಿಯದವರು ನೋಡಿದರೆ ಗೊಂದಲವಾಗುತ್ತದೆ ಎಂದು ಆರಂಭಿಸಿದರು. ಬೋರ್ಡಿನಲ್ಲಿ ಹಳೆಯ ದರವೇ ಇರಬಹುದು ಎಂದರು. ಅಂಚೆ ಕಚೇರಿಯ ತಿರುವಿನಲ್ಲಿ, ಇವತ್ತು ಬ್ಯಾಂಕಿಗೆ ರಜೆಯಿರಬಹುದು ಎಂದರು. ಎಕುವಾ ಮುಂದೆ ಮುಂದೆ ನಡೆದಳು. ಅವರು ಹೆಜ್ಜೆ ಎಳೆದಷ್ಟೂ ಅವಳ ಲೆಕ್ಕದಲ್ಲಿ ದರ ಏರುತ್ತಿತ್ತು. ಅಂಚೆ ಕಚೇರಿಯ ಬಳಿ ಹದಿನೆಂಟಿತ್ತು. ಬ್ಯಾಂಕಿನ ಮೆಟ್ಟಿಲು ಹತ್ತುವಾಗ ಇಪ್ಪತ್ತೆರಡಾಗಿತ್ತು. ಆಗ ಅವಳಿಗೆ ಗೆದ್ದ ಸಂತೋಷಕ್ಕಿಂತ ಹೆಚ್ಚಾಗಿ ಒಂದು ಬಗೆಯ ಸುಸ್ತು ಆವರಿಸಿತ್ತು. ಇಷ್ಟು ವರ್ಷ ಬಾಳಿದ್ದು ಇಂಥ ಮನುಷ್ಯನ ಜೊತೆಯೇ ಎಂಬ ಸುಸ್ತು.

ಬೋರ್ಡು ಕೌಂಟರಿನ ಒಳಗೋಡೆಯ ಮೇಲಿತ್ತು. ಆಂಟಿ ಮಾನ್ಸಾ ಕನ್ನಡಕ ಏರಿಸಿ, ತೊಂಬತ್ತೊಂದು ದಿನ ಎಂದಿದ್ದ ಸಾಲನ್ನು ಬೆರಳಿನಿಂದ ಗಾಳಿಯಲ್ಲಿ ಹಿಂಬಾಲಿಸಿದರು.

"ಕೋಬಿನಾ, ಹನ್ನೊಂದು ಅಂತಿದೆ."

"ಹೌದಕ್ಕಾ."

"ನೀನು ಹದಿನೈದು ಕೊಡ್ತಿದ್ದೀಯ."

"ಹೌದಕ್ಕಾ."

"ಯಾಕೋ?"

ಮೇಷ್ಟ್ರು ಸುತ್ತಲೂ ನೋಡಿದರು. ಇಲ್ಲಿ ಮುಖ ಮಾಡಲು ಕಿಟಕಿಯಿರಲಿಲ್ಲ. "ಹದಿನೈದಕ್ಕೆ ಸಾರು ಸರಿಯಾಗಿ ಬರ್ತಿತ್ತು. ಇನ್ನೂ ಇಳಿಸಿದ್ರೆ ತೆಳ್ಳಗಾದೀತು ಅಂತ ಹೆದರಿಕೆ ಆಯ್ತು. ಅಬೈದೂ ಅವರೆಲ್ಲ ಶನಿವಾರ ಬರ್ತಾರೆ. ಅವರೆದುರು ನಾನು ಹೇಳಿದ್ದು..." ಅಲ್ಲಿಗೆ ನಿಲ್ಲಿಸಿದರು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಇವಳೂ ಈ ನಡುವೆ ಸೊರಗಿದ ಹಾಗೆ ಕಾಣ್ತಿದ್ಲು" ಎಂದರು.

ಈಗ ಎಕುವಾಗೆ ಆ ಸಾರು ಪೂರ್ತಿಯಾಗಿ ಕಂಡಿತು. ಒಂದು ಕಡೆ ಅವಳ ಕೆಂಕೆಯ ದುಡ್ಡು, ಇನ್ನೊಂದು ಕಡೆ ಅವರ ನಾಲ್ಕು ನೋಟು. ಎರಡು ಸುಳ್ಳುಗಳು ಆಚೀಚೆ ನಿಂತು ಮಡಕೆಯನ್ನು ಎತ್ತಿ ಹಿಡಿದಿದ್ದವು. ನಡುವೆ ಕೂತು ಮೂವರು ಗಂಡಸರು ನಾಡು ಸುಧಾರಿಸಿತು ಎಂದು ಬೆರಳು ನೆಕ್ಕುತ್ತಿದ್ದರು. ತನ್ನ ಪಾಲಿನ ಸುಳ್ಳನ್ನೂ ಹೇಳಿಬಿಡೋಣವೆಂದು ಬಾಯಿಯವರೆಗೆ ಬಂತು. ಆದರೆ ಹೆಂಡತಿಯ ಗಂಟಿನಿಂದ ಉಂಡವನು ಎಂಬ ಮಾತನ್ನು ಅವರ ಅಕ್ಕನ ಎದುರು, ಬ್ಯಾಂಕಿನಲ್ಲಿ ಸಾಲುಗಟ್ಟಿ ನಿಂತವರ ಎದುರು, ಹೇಗೆ ಆಡುವುದು?

ಆಂಟಿ ಮಾನ್ಸಾ ತೀರ್ಪು ಕೊಟ್ಟರು. ಮಾತು ಎಂದರೆ ಮಾತು. ಹಿರಿಯರಿಗೆ ಹನಿ ಚೆಲ್ಲಿ ಆಡಿದ್ದು. ಈ ಶುಕ್ರವಾರದಿಂದ ಹನ್ನೊಂದು. ಇದುವರೆಗೆ ಹೆಚ್ಚಿಗೆ ಕೊಟ್ಟದ್ದನ್ನು ವಾಪಸು ಪಡೆಯುವುದು ಬೇಡ, ಅಷ್ಟು ದೊಡ್ಡ ಮನಸ್ಸು ಈ ವಂಶಕ್ಕಿದೆ. ಆಮೇಲೆ ಎಕುವಾಳ ಕಡೆ ತಿರುಗಿ, ತಮ್ಮ ದನಿಯನ್ನು ಎಂದಿಲ್ಲದಷ್ಟು ಮೆತ್ತಗೆ ಮಾಡಿದರು.

"ನೀನೇನಾದ್ರೂ ಕೇಳೋದಿದೆಯಾ ಮಗಳೇ?"

ಮೇಷ್ಟ್ರೂ ಅವಳನ್ನೇ ನೋಡುತ್ತಿದ್ದರು. ಅವಳು ಒಂದು ಮಾತು ಕೇಳಲಿ ಎಂದು ಕಾಯುತ್ತಿರುವಂತಿತ್ತು ಅವರ ಮುಖ.

"ಏನಿಲ್ಲ ಆಂಟಿ" ಎಂದಳು ಎಕುವಾ.

ಬ್ಯಾಂಕಿನಿಂದ ಹೊರಗೆ ಬಂದ ಮೇಲೆ ಮೇಷ್ಟ್ರು, ಮರದ ಕೆಳಗಿನವರಿಗೂ ನಿಜ ಹೇಳಿಬಿಡುತ್ತೇನೆ, ಇಷ್ಟು ದಿನ ತಪ್ಪು ಸಂಖ್ಯೆ ಹೇಳಿದ್ದು ಮೇಷ್ಟ್ರಾದವನಿಗೆ ತಕ್ಕದ್ದಲ್ಲ ಎಂದರು. ಎಕುವಾ ನಡುರಸ್ತೆಯಲ್ಲಿ ನಿಂತಳು. ಬೆಂಟ್ಸಿವಾಳ ಮನೆ, ಮತ್ತೆರಡು ಮನೆ, ಆ ಒಲೆಗಳ ಮೇಲಿನ ಮಡಕೆಗಳು ಕಣ್ಣ ಮುಂದೆ ಬಂದವು. ತನಗಾಗಿ ಆಡಲಾಗದ ಮಾತನ್ನು ಅವಳು ಆ ಮಡಕೆಗಳಿಗಾಗಿ ಆಡಿದಳು.

"ಅವರಿಗೆ ಹದಿನೈದೇ ಇರಲಿ ಮೇಷ್ಟ್ರೇ. ನಿಮ್ಮ ಸತ್ಯ ನಮ್ಮ ಮನೆಯೊಳಗೆ ಸಾಕು."

ಆಂಟಿ ಮಾನ್ಸಾ ಕೆಮ್ಮಿ, ತಾನು ಸಾಕ್ಷಿಯಾಗಿದ್ದು ಒಂದೇ ಮನೆಗೆ ಎಂದು ಹೇಳಿ ತಮ್ಮ ದಾರಿ ಹಿಡಿದರು.

ಮಧ್ಯಾಹ್ನ ಎಕುವಾ ಸಂತೆಗೆ ಹೋದಾಗ ಹೆಂಗಸರು ಕಾಯುತ್ತಿದ್ದರು. ಮೂವರೂ ಬ್ಯಾಂಕಿಗೆ ಹೋದ ಸುದ್ದಿ ಅವಳಿಗಿಂತ ಮೊದಲೇ ಸಂತೆ ಮುಟ್ಟಿತ್ತು. ಬೆಂಟ್ಸಿವಾ ಮೀನಿನ ಹಲಗೆಯ ಹಿಂದಿನಿಂದ ಎದ್ದು ನಿಂತಳು. ಎಷ್ಟು ಕದ್ದಿದ್ದಾನೆ ಹೇಳು ಎಂದಳು.

"ಕದ್ದಿಲ್ಲ. ಹದಿನೈದೇ ಇದೆ. ನಾನೇ ಬೋರ್ಡು ನೋಡ್ದೆ."

"ಸರಿಯಾಗಿ ನೋಡಿದ್ಯಾ?"

"ಆಂಟಿ ಮಾನ್ಸಾನೂ ಇದ್ರು."

ಆಂಟಿ ಮಾನ್ಸಾಳ ಹೆಸರು ಬಂದಮೇಲೆ ಅಲ್ಲಿ ಎರಡನೆಯ ಮಾತಿಲ್ಲ. ಹೆಂಗಸರು ನಿಟ್ಟುಸಿರು ಬಿಟ್ಟರು. ಒಬ್ಬಳು ಮೇಷ್ಟ್ರು ದೇವರಂಥ ಮನುಷ್ಯ ಎಂದಳು. ಇನ್ನೊಬ್ಬಳು, ಅಂಥ ಗಂಡನ ಮೇಲೆ ಸಂಶಯಪಟ್ಟು ಬ್ಯಾಂಕಿಗೆ ಎಳೆದುಕೊಂಡು ಹೋದಳಲ್ಲ ಎಂದು ಎಕುವಾ ಕೇಳಿಸಿಕೊಳ್ಳುವಷ್ಟು ಮೆಲ್ಲಗೆ ಹೇಳಿದಳು. ಎಕುವಾ ಕೂತು ಮೀನಿನ ರಾಶಿಯಲ್ಲಿ ಸಣ್ಣವನ್ನು ಆರಿಸತೊಡಗಿದಳು. ಎಷ್ಟು ಎಂದು ಕೇಳಿದಳು. ಬೆಂಟ್ಸಿವಾ ಹೇಳಿದ ಬೆಲೆ ನಿನ್ನೆಯದಕ್ಕಿಂತ ಎರಡು ಸೆಡಿ ಹೆಚ್ಚಿತ್ತು.

"ನಿನ್ನೆ ಇಷ್ಟಿರಲಿಲ್ವಲ್ಲ" ಎಂದಳು ಎಕುವಾ.

"ನಿನ್ನೆ ನಿಮ್ಮನೆ ದರ ಗಟ್ಟಿಯೋ ಪೊಳ್ಳೋ ಗೊತ್ತಿರಲಿಲ್ಲ. ಇವತ್ತು ನೀನೇ ನೋಡ್ಕೊಂಡು ಬಂದು ಹದಿನೈದು ಗಟ್ಟಿ ಅಂತ ಹೇಳಿದ್ದೀಯ. ವಾರ ವಾರ ಹದಿನೈದು ನೋಟು ಎಣಿಸೋಳು ಎರಡು ಸೆಡಿಗೆ ಚೌಕಾಸಿ ಮಾಡ್ತೀಯಾ?" ಬೆಂಟ್ಸಿವಾ ಸಣ್ಣ ಮೀನುಗಳನ್ನು ಅವಳ ಕೈಯಿಂದ ಬಿಡಿಸಿ ರಾಶಿಗೆ ಹಾಕಿ, ಎಲ್ಲಕ್ಕಿಂತ ದೊಡ್ಡದನ್ನು ಎತ್ತಿ ಅವಳ ಬೇಸಿನ್ನಿನಲ್ಲಿಟ್ಟಳು. "ತಗೋ. ಶನಿವಾರ ನಮ್ಮನೆಯವರು ನಿಮ್ಮಲ್ಲಿಗೇ ಊಟಕ್ಕೆ ಬರೋದು."